ನೂರರಲ್ಲಿ ಉಳಿಯುತ್ತಿದ್ದದ್ದು ಎರಡೂಕಾಲು ರೂಪಾಯಿ

1973–74ರಲ್ಲಿ ಭಾರತದ ಆದಾಯ ತೆರಿಗೆಯ ಗರಿಷ್ಠ ದರ ಶೇ 97.75 ಇತ್ತು. ಎರಡು ಲಕ್ಷ ರೂಪಾಯಿ ದಾಟಿದ ಆದಾಯಕ್ಕೆ ಮೂಲ ದರ ಶೇ 85, ಆ ತೆರಿಗೆಯ ಮೇಲೆ ಮತ್ತೆ ಶೇ 15 ಸರ್‌ಚಾರ್ಜ್. 85ಕ್ಕೆ ಶೇ 15 ಎಂದರೆ 12.75. ಎರಡನ್ನೂ ಕೂಡಿದರೆ 97.75. ಮೇಲಿನ ಹಂತದಲ್ಲಿ ನೂರು ರೂಪಾಯಿ ದುಡಿದವನ ಕೈಗೆ ಉಳಿಯುತ್ತಿದ್ದದ್ದು ಎರಡೂಕಾಲು ರೂಪಾಯಿ.

ಈ ಅಂಕಿಯನ್ನು ಹಲವರು ತಪ್ಪಾಗಿ ಹೇಳುತ್ತಾರೆ. ಆಗ ಶ್ರೀಮಂತರ ಇಡೀ ಆದಾಯದಲ್ಲಿ ಶೇ 97 ಹೋಗುತ್ತಿರಲಿಲ್ಲ. ಮೊದಲ 5,000 ರೂಪಾಯಿಗೆ ತೆರಿಗೆಯೇ ಇರಲಿಲ್ಲ. ಅಲ್ಲಿಂದ ಮೇಲೆ ಶೇ 10ರಿಂದ ಶುರುವಾಗಿ ಶೇ 85ರವರೆಗೆ ಹನ್ನೊಂದು ಮೆಟ್ಟಿಲು. ಮೆಟ್ಟಿಲು ಹತ್ತಿದವನು ಹೊಸ ದರ ಕಟ್ಟುವುದು ಆ ಮೆಟ್ಟಿಲಿನ ಮೇಲೆ ಬಿದ್ದ ದುಡ್ಡಿಗೆ ಮಾತ್ರ, ಕೆಳಗಿನದಕ್ಕೆಲ್ಲ ಹಳೆಯ ದರವೇ. ಈಗಿನ ತೆರಿಗೆಯೂ ಹೀಗೇ ನಡೆಯುತ್ತದೆ. ಆದರೂ ‘ಸಂಬಳ ಏರಿದರೆ ಕೈಗೆ ಕಮ್ಮಿ ಬರುತ್ತದೆ’ ಎಂಬ ಮಾತು ಪ್ರತಿ ಮಾರ್ಚ್‌ನಲ್ಲಿ ಆಫೀಸುಗಳಲ್ಲಿ ಕೇಳಿಸುತ್ತದೆ.

ಈ ದರ ಒಂದೇ ಬಜೆಟ್ಟಿನಲ್ಲಿ ಬಂದದ್ದಲ್ಲ. ಅದರ ಹಿಂದೆ ಹದಿನೈದು ವರ್ಷದ ಜಗಳವಿದೆ. ಒಂದು ಕಡೆ ನೆಹರೂ, ಆಮೇಲೆ ಇಂದಿರಾ ಗಾಂಧಿ ಅವರ ಕಾಂಗ್ರೆಸ್; ಇನ್ನೊಂದು ಕಡೆ 1959ರಲ್ಲಿ ಹುಟ್ಟಿ 1974ರಲ್ಲಿ ಇನ್ನೊಂದು ಪಕ್ಷದಲ್ಲಿ ಕರಗಿಹೋದ ಸ್ವತಂತ್ರ ಪಕ್ಷ. ಜಗಳ ಮೂರು ವಿಷಯಕ್ಕೆ: ದುಡಿಮೆ ಶುರುಮಾಡಲು ಯಾರ ಅಪ್ಪಣೆ ಬೇಕು, ದುಡಿದದ್ದರಲ್ಲಿ ಸರ್ಕಾರದ ಪಾಲೆಷ್ಟು, ಸರ್ಕಾರವನ್ನು ವಿರೋಧಿಸುವವನ ಪಾಡೇನು. ಪಾಠಪುಸ್ತಕದಲ್ಲಿ ಇವು ಮೂರು ಬೇರೆ ಅಧ್ಯಾಯ. ಭಾರತದ ಆ ಹದಿನೈದು ವರ್ಷಗಳಲ್ಲಿ ಅವು ಒಂದರ ಬಾಲಕ್ಕೆ ಒಂದು ಗಂಟು ಬಿದ್ದಿದ್ದವು. ಅಪ್ಪಣೆ ಕೊಡುವ ಪೆನ್ನು, ತೆರಿಗೆಯ ನೋಟಿಸು, ವಿರೋಧಿಯ ಚಂದಾ ಮೂರೂ ಒಂದೇ ಕಚೇರಿಯ ಮೇಜಿಗೆ ಬಂದು ನಿಲ್ಲುತ್ತಿದ್ದವು.

ಎಂಬತ್ತರ ಮುದುಕ ಕಟ್ಟಿದ ಪಕ್ಷ

1959ರ ಜನವರಿಯಲ್ಲಿ ಕಾಂಗ್ರೆಸ್ಸು ನಾಗಪುರ ಅಧಿವೇಶನದಲ್ಲಿ ಕೂಡು ಸಹಕಾರಿ ಬೇಸಾಯದ ಠರಾವು ಮಾಡಿತು. ಮಾಲೀಕತ್ವ ರೈತನ ಹೆಸರಲ್ಲೇ ಇರಲಿ, ಉಳುಮೆ ಒಟ್ಟಾಗಲಿ ಎಂಬುದು ಅದರ ತಾತ್ಪರ್ಯ. ಕಾಗದದ ಮೇಲೆ ಹೆಸರು ಉಳಿದರೂ ಬದು ಕಿತ್ತ ಮೇಲೆ ಹೊಲ ಯಾರದೆಂದು ತೋರಿಸುವುದು ಹೇಗೆ ಎಂದು ರೈತ ನಾಯಕ ಎನ್.ಜಿ. ರಂಗ ಕಾಂಗ್ರೆಸ್ ಬಿಟ್ಟರು. ಆ ವರ್ಷ ಜೂನ್ 4ರಂದು ಮದರಾಸಿನಲ್ಲಿ ಹೊಸ ಪಕ್ಷದ ಘೋಷಣೆಯಾಯಿತು. ಮುಂದೆ ನಿಂತವರು ಚಕ್ರವರ್ತಿ ರಾಜಗೋಪಾಲಾಚಾರಿ, ಜನರ ಬಾಯಲ್ಲಿ ರಾಜಾಜಿ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ದೇಶದ ಗವರ್ನರ್ ಜನರಲ್ ಆಗಿದ್ದವರಿಗೆ ಆಗ ಎಂಬತ್ತು ವರ್ಷ. ಜೊತೆಗೆ ಮುಂಬೈನ ಮೀನೂ ಮಸಾನಿ, ಕೆ.ಎಂ. ಮುನ್ಶಿ.

‘ಪರ್ಮಿಟ್-ಲೈಸೆನ್ಸ್-ಕೋಟಾ ರಾಜ್’ ಎಂಬ ಬೈಗುಳ ರಾಜಾಜಿಯದೇ. ಅವರ ದಾಖಲೆ ಮಾತ್ರ ಅಷ್ಟು ಸರಳವಲ್ಲ. 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿ ಆಹಾರ ಧಾನ್ಯದ ನಿಯಂತ್ರಣ ತೆಗೆದುಹಾಕಿದ್ದು ಅವರೇ. 1939ರಲ್ಲಿ ಪಾನನಿಷೇಧದಿಂದ ಖಾಲಿಯಾದ ಬೊಕ್ಕಸ ತುಂಬಲು ಸಾಮಾನ್ಯ ಮಾರಾಟ ತೆರಿಗೆ ತಂದದ್ದೂ ಅವರ ಸರ್ಕಾರವೇ. ಇವತ್ತಿನ ಜಿಎಸ್‌ಟಿಯ ವಂಶವೃಕ್ಷ ಬರೆದರೆ ಬೇರಿನ ಹತ್ತಿರ ಆ ಮದರಾಸು ಕಾಯ್ದೆ ಬರುತ್ತದೆ. 1938ರಲ್ಲಿ ಹಿಂದಿ ಕಡ್ಡಾಯದ ವಿರುದ್ಧ ಎದ್ದವರನ್ನು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಜೈಲಿಗೆ ಕಳಿಸಿದ್ದು, ಅದಕ್ಕೆ ಬ್ರಿಟಿಷರ ಕಾಲದ ಕ್ರಿಮಿನಲ್ ಲಾ ತಿದ್ದುಪಡಿ ಕಾಯ್ದೆ ಬಳಸಿದ್ದೂ ಅದೇ ಸರ್ಕಾರ. ಕುರ್ಚಿಯಲ್ಲಿ ಕೂತಾಗಿನ ಸಹನೆ ಬೇರೆ, ಕುರ್ಚಿಯ ಎದುರು ನಿಂತಾಗಿನ ಸಹನೆ ಬೇರೆ.

ಪಕ್ಷಕ್ಕೆ 21 ಮೂಲ ತತ್ವಗಳಿದ್ದವು. ಅವುಗಳ ಆಚೆಗಿನ ಯಾವ ವಿಷಯದಲ್ಲಾದರೂ ಸದಸ್ಯ ತನಗೆ ಕಂಡಂತೆ ಮಾತಾಡಬಹುದಿತ್ತು. ಪಕ್ಷಾಂತರ ನಿಷೇಧ ಕಾಯ್ದೆ, ವಿಪ್ಪು, ಅನರ್ಹತೆ ಇವೇ ಸುದ್ದಿಯಾಗಿರುವ ನಮ್ಮ ಕಾಲಕ್ಕೆ ಇದು ವಿಚಿತ್ರ ಪಕ್ಷ ಅನ್ನಿಸೀತು. 1962ರ ಚುನಾವಣೆಯಲ್ಲಿ ಲೋಕಸಭೆಗೆ 18 ಜನ ಗೆದ್ದರು. 1967ರಲ್ಲಿ 44, ಕಾಂಗ್ರೆಸ್ ಬಿಟ್ಟರೆ ಅದೇ ದೊಡ್ಡ ಪಕ್ಷ. ಒಡಿಶಾದಲ್ಲಿ ಅವರದೇ ಮುಖ್ಯಮಂತ್ರಿ. ನಮ್ಮ ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳಲ್ಲಿ 5 ಅವರಿಗೆ ಬಂದವು. 1971ರಲ್ಲಿ ಇಡೀ ದೇಶದಲ್ಲಿ ಉಳಿದದ್ದು 8.

ಅಪ್ಪಣೆಯ ಸರಪಳಿ

ಲೈಸೆನ್ಸ್ ರಾಜ್ ಎಂದು ಎಲ್ಲರೂ ಹೇಳುತ್ತಾರೆ. ಅದು ಹೇಗೆ ನಡೆಯುತ್ತಿತ್ತು ಎಂದು ಬಿಡಿಸಿ ಹೇಳುವವರು ಕಡಿಮೆ.

ಬುನಾದಿ 1951ರ ಕೈಗಾರಿಕೆ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ. ಅದರ ಪಟ್ಟಿಯಲ್ಲಿರುವ ವಸ್ತು ತಯಾರಿಸುವ ಕಾರ್ಖಾನೆ ತೆರೆಯಲು ಕೇಂದ್ರದ ಲೈಸೆನ್ಸ್ ಬೇಕು. ಇರುವ ಕಾರ್ಖಾನೆ ದೊಡ್ಡದು ಮಾಡಲು, ಹೊಸ ವಸ್ತು ಸೇರಿಸಲು, ಜಾಗ ಬದಲಿಸಲು ಕೂಡ ಬೇಕು. ಅರ್ಜಿ ದೆಹಲಿಗೆ ಹೋದ ಮೇಲೆ ತಾಂತ್ರಿಕ ಅಭಿವೃದ್ಧಿ ಮಹಾನಿರ್ದೇಶನಾಲಯ ‘ಇಷ್ಟು ಉತ್ಪಾದನೆ ದೇಶಕ್ಕೆ ಬೇಕೇ’ ಎಂದು ನೋಡಬೇಕು, ಲೈಸೆನ್ಸಿಂಗ್ ಸಮಿತಿ ಒಪ್ಪಬೇಕು. ಯಂತ್ರ ಹೊರದೇಶದಿಂದ ಬರಬೇಕಿದ್ದರೆ ಅದಕ್ಕೆ ಬೇರೆ ಸಮಿತಿ, ಆಮೇಲೆ ಆಮದು ಲೈಸೆನ್ಸ್. ಜನರಿಂದ ಷೇರು ಹಣ ಎತ್ತಬೇಕಿದ್ದರೆ ಬಂಡವಾಳ ವಿತರಣೆಯ ನಿಯಂತ್ರಕರು ಒಪ್ಪಬೇಕು. ಷೇರಿನ ಬೆಲೆಯಲ್ಲೂ ಅವರ ಮಾತು ನಡೆಯುತ್ತಿತ್ತು. 1969ರ ಏಕಸ್ವಾಮ್ಯ ಕಾಯ್ದೆ ಬಂದ ಮೇಲೆ 20 ಕೋಟಿಗಿಂತ ಹೆಚ್ಚು ಆಸ್ತಿಯ ಉದ್ಯಮ ಸಮೂಹಗಳಿಗೆ ಮತ್ತೊಂದು ಬಾಗಿಲು. 1973ರಲ್ಲಿ ವಿದೇಶಿ ವಿನಿಮಯ ಕಾಯ್ದೆ ಬಿಗಿಯಾಯಿತು. ಇಷ್ಟೂ ದಾಟಿದ ಮೇಲೆ ಲೈಸೆನ್ಸಿನಲ್ಲಿ ಬರೆದ ಪ್ರಮಾಣಕ್ಕಿಂತ ಹೆಚ್ಚು ತಯಾರಿಸಿದರೆ ಅದೂ ತಪ್ಪೇ. ಸಾಮಾನು ಹೆಚ್ಚು ಮಾಡಿದ್ದಕ್ಕೆ ನೋಟಿಸು ಬರುತ್ತಿದ್ದ ದೇಶದಲ್ಲೇ ಸ್ಕೂಟರಿಗೆ ದುಡ್ಡು ಕಟ್ಟಿದವರು ವರ್ಷಗಟ್ಟಲೆ ಕಾಯುತ್ತಿದ್ದರು.

ಇದು ಕೆಟ್ಟದ್ದು ಎಲ್ಲಿ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಕತೆ ಅರ್ಧ ಮಾತ್ರ. ಇನ್ನರ್ಧ ಸರ್ಕಾರವೇ ನೇಮಿಸಿದ ಅರ್ಥಶಾಸ್ತ್ರಜ್ಞ ಆರ್.ಕೆ. ಹಜಾರಿ 1960ರ ದಶಕದ ಕೊನೆಗೆ ಕೊಟ್ಟ ವರದಿಯಲ್ಲಿದೆ. ದೊಡ್ಡ ಮನೆತನಗಳು ಒಂದೇ ವಸ್ತುವಿಗೆ ಹಲವು ಹೆಸರಲ್ಲಿ ಅರ್ಜಿ ಹಾಕಿ ಲೈಸೆನ್ಸ್ ಹಿಡಿದಿಟ್ಟುಕೊಳ್ಳುತ್ತಿದ್ದವು. ಕಾರ್ಖಾನೆ ಕಟ್ಟುವ ಅವಸರವಿಲ್ಲ. ದೇಶದ ಒಟ್ಟು ಪ್ರಮಾಣ ಭರ್ತಿಯಾಯಿತೆಂದು ಹೊಸಬನ ಅರ್ಜಿ ತಿರಸ್ಕೃತವಾದರೆ ಸಾಕು. ಶ್ರೀಮಂತರ ಕೈ ಕಟ್ಟಲು ಹೆಣೆದ ಹಗ್ಗ ಅವರ ಮನೆಯ ಬೇಲಿಯಾಯಿತು. ಹೀಗಾಗಿ ಲೈಸೆನ್ಸ್ ತೆಗೆಯಿರಿ ಎಂದ ಸ್ವತಂತ್ರ ಪಕ್ಷಕ್ಕೆ ದೊಡ್ಡ ಉದ್ಯಮಿಗಳೆಲ್ಲ ಬೆಂಬಲ ಕೊಟ್ಟರು ಎಂದುಕೊಂಡರೆ ತಪ್ಪು. ಬೇಲಿಯೊಳಗೆ ಸುಖವಾಗಿದ್ದವರಿಗೆ ಬೇಲಿ ಕೀಳುವ ಅವಸರ ಇರಲಿಲ್ಲ.

ಅಪ್ಪಣೆಯ ಜಗಳ ಕಾರ್ಖಾನೆಯದ್ದಷ್ಟೇ ಅಲ್ಲ ಎಂದು ತಿಳಿಯಲು ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರನ್ನು ಕೇಳಬೇಕು. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದ ಕಾಫಿಯನ್ನು, ಮನೆಗೆ ಮತ್ತು ಬೀಜಕ್ಕೆ ಬೇಕಾದಷ್ಟು ಬಿಟ್ಟು, ಕಾಫಿ ಬೋರ್ಡಿನ ‘ಪೂಲ್’ಗೆ ಒಪ್ಪಿಸಬೇಕು. ಬೆಳೆಗಾರ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಹಾಕಿ ಬರುತ್ತಾನೆ. ಜಾತಿ, ದರ್ಜೆ ನೋಡಿ ಅದಕ್ಕೆ ಪಾಯಿಂಟು. ಬೋರ್ಡು ಹರಾಜಿನಲ್ಲಿ ಮಾರುತ್ತದೆ. ಎಲ್ಲರ ಕಾಫಿಯ ದುಡ್ಡು ಒಂದೇ ರಾಶಿ. ಪಾಯಿಂಟಿನ ಲೆಕ್ಕದಲ್ಲಿ ಕಂತುಕಂತಾಗಿ ಹಣ ಬರುತ್ತದೆ, ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಫಸಲು ಕೊಯ್ದಿರುತ್ತಾರೆ. ಆಳಿನ ಕೂಲಿ ವಾರವಾರ ಕೊಡಬೇಕು, ಕಾಫಿಯ ದುಡ್ಡು ಬೋರ್ಡಿನ ಪುರುಸೊತ್ತಿಗೆ ಬರುತ್ತದೆ. ಒಳ್ಳೆಯ ಕಾಫಿ ಮಾಡಿದವನಿಗೂ ಸಾಧಾರಣ ಮಾಡಿದವನಿಗೂ ಪೂಲಿನ ಸರಾಸರಿಯೇ ಗತಿಯಾದ್ದರಿಂದ ಹಣ್ಣು ಆರಿಸಿ ಕೊಯ್ಯುವ ಉಮೇದೂ ಕಮ್ಮಿಯಾಗುತ್ತದೆ. ಹೊರಗೆ ಮಾರಿದರೆ ಕಳ್ಳಸಾಗಣೆ. ತಾನೇ ಬೆಳೆದ ಮಾಲನ್ನು ರಾತ್ರಿ ಸಾಗಿಸಬೇಕಾದ ಪರಿಸ್ಥಿತಿ.

1992ರಿಂದ ಹಂತಹಂತವಾಗಿ ಬಿಡುಗಡೆ ಬಂತು. ಮೊದಲು ಒಂದು ಪಾಲನ್ನು ಸ್ವಂತ ಮಾರಬಹುದು ಎಂದರು, ಆಮೇಲೆ ಅರ್ಧ, ಆಮೇಲೆ ಸಣ್ಣ ಬೆಳೆಗಾರರಿಗೆ ಪೂರ್ತಿ, 1996ರಲ್ಲಿ ಎಲ್ಲರಿಗೂ ಪೂರ್ತಿ. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಲೋಕದ ಬೆಲೆ ಏರಿತ್ತು. ಮಲೆನಾಡಿನಲ್ಲಿ ಹೊಸ ಮನೆ, ಹೊಸ ಜೀಪು. 2000ದ ನಂತರ ಬೆಲೆ ನೆಲಕಚ್ಚಿದಾಗ ಅದೇ ಬೆಳೆಗಾರರ ಸಂಘಗಳು ಸಾಲದ ಬಡ್ಡಿ ಮನ್ನಾಕ್ಕಾಗಿ ದೆಹಲಿಗೆ ಅರ್ಜಿ ಹಿಡಿದು ಹೋದವು. ಪೂಲು ವಾಪಸು ಬರಲಿ ಎಂಬ ಕೂಗಿಗೆ ಮಾತ್ರ ಬಲ ಬರಲಿಲ್ಲ. ಮಾರುಕಟ್ಟೆ ಬೇಕು, ಬೀಳುವಾಗ ಹಿಡಿಯಲು ಒಂದು ಕೈಯೂ ಬೇಕು. ಸಿದ್ಧಾಂತದ ಎರಡೂ ಪಾಳಯದವರಿಗೆ ಇದು ದ್ವಂದ್ವ ಅನ್ನಿಸಬಹುದು. ತೋಟದಲ್ಲಿ ನಿಂತು ನೋಡಿದರೆ ಇದು ಬರಿಯ ಲೆಕ್ಕಾಚಾರ.

ಮದ್ದು ತಗೊಂಡರು, ಪಥ್ಯ ಬಿಟ್ಟರು

ತೆರಿಗೆಯ ಜಗಳಕ್ಕೆ ಒಬ್ಬ ಹೊರಗಿನವನ ಹೆಸರು ಸೇರಿಕೊಂಡಿದೆ. 1956ರಲ್ಲಿ ಸರ್ಕಾರ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಅವರನ್ನು ಕರೆಸಿ ಸಲಹೆ ಕೇಳಿತು. ಅವರು ಹೆಣೆದದ್ದು ಐದು ತೆರಿಗೆಗಳ ಬಲೆ: ಆದಾಯ, ಆಸ್ತಿ ಮಾರಿದ ಲಾಭ, ಸಂಪತ್ತು, ಖರ್ಚು, ದಾನ. ಎಲ್ಲದಕ್ಕೂ ಸೇರಿ ಒಂದೇ ರಿಟರ್ನ್. ಒಂದರಲ್ಲಿ ತಪ್ಪಿಸಿಕೊಂಡದ್ದು ಇನ್ನೊಂದರಲ್ಲಿ ಸಿಗಬೇಕು. ಆದಾಯ ಕಡಿಮೆ ತೋರಿಸಿದವನ ಸಂಪತ್ತು ಹೇಗೆ ಏರಿತು? ಸಂಪತ್ತು ಏರಲಿಲ್ಲ ಎಂದರೆ ಖರ್ಚಾಯಿತೇ? ಖರ್ಚೂ ಇಲ್ಲ ಎಂದರೆ ಯಾರಿಗೆ ಕೊಟ್ಟ? ಬಲೆ ಗಟ್ಟಿಯಾಗಿದ್ದರೆ ದರ ಹೆಚ್ಚಿರಬೇಕಾಗಿಲ್ಲ, ಆದಾಯ ತೆರಿಗೆಯ ಗರಿಷ್ಠ ದರ ಶೇ 45 ಸಾಕು ಎಂಬುದು ಅವರ ಷರತ್ತು.

ಅರ್ಥ ಸಚಿವ ಟಿ.ಟಿ. ಕೃಷ್ಣಮಾಚಾರಿ 1957ರಲ್ಲಿ ಸಂಪತ್ತು ತೆರಿಗೆ, ಖರ್ಚಿನ ತೆರಿಗೆ ತಂದರು. ಮುಂದಿನ ವರ್ಷ ದಾನ ತೆರಿಗೆ ಬಂತು. ಸತ್ತವರ ಆಸ್ತಿಯ ಮೇಲಿನ ಎಸ್ಟೇಟ್ ಡ್ಯೂಟಿ 1953ರಿಂದಲೇ ಇತ್ತು. ಆದಾಯ ತೆರಿಗೆ ಮಾತ್ರ ಶೇ 45ಕ್ಕೆ ಬರಲಿಲ್ಲ; ಬಡ್ಡಿ, ಬಾಡಿಗೆಯಂಥ ಆದಾಯಕ್ಕೆ ಶೇ 84ರಲ್ಲೇ ನಿಂತಿತು. ಖರ್ಚಿನ ತೆರಿಗೆಗೆ ವಿನಾಯಿತಿ ಎಷ್ಟಿತ್ತೆಂದರೆ ಬೊಕ್ಕಸಕ್ಕೆ ಬಂದದ್ದು ಪುಡಿಗಾಸು. ಅದನ್ನು 1962ರಲ್ಲಿ ತೆಗೆದು, 1964ರಲ್ಲಿ ಮತ್ತೆ ತಂದು, 1966ರಲ್ಲಿ ಮತ್ತೆ ತೆಗೆದರು. ಬಲೆಯ ಕಣ್ಣು ಹರಿದಿತ್ತು, ದರ ಮಾತ್ರ ಏರುತ್ತ ಹೋಯಿತು. ಇಂದಿರಾ ಗಾಂಧಿ ತಾವೇ ಅರ್ಥ ಖಾತೆ ಹೊತ್ತು ಮಂಡಿಸಿದ 1970ರ ಬಜೆಟ್ಟಿನಲ್ಲಿ ಶೇ 85ಕ್ಕೆ ಶೇ 10 ಸರ್‌ಚಾರ್ಜ್ ಸೇರಿ 93.5. ಮರುವರ್ಷ ಸರ್‌ಚಾರ್ಜ್ 15ಕ್ಕೆ ಏರಿ 97.75.

ಇದರ ಜೊತೆಗೆ ಸಂಪತ್ತು ತೆರಿಗೆಯ ತುದಿಯ ದರ ಶೇ 8 ಆಗಿತ್ತು. ಎರಡೂ ತೆರಿಗೆಯ ತುದಿಯಲ್ಲಿರುವ ಒಬ್ಬನ ಒಂದು ಲಕ್ಷದ ಠೇವಣಿಗೆ ವರ್ಷಕ್ಕೆ ಹತ್ತು ಸಾವಿರ ಬಡ್ಡಿ ಬಂತು ಅನ್ನಿ. ಆದಾಯ ತೆರಿಗೆ 9,775. ಉಳಿದದ್ದು 225. ಅದೇ ಒಂದು ಲಕ್ಷಕ್ಕೆ ಸಂಪತ್ತು ತೆರಿಗೆ 8,000. ಕಾನೂನು ಪಾಲಿಸಿದರೆ ವರ್ಷಕ್ಕೆ 7,775 ರೂಪಾಯಿ ಅಸಲಿನಿಂದ ಕಳೆಯಬೇಕು. ಪ್ರಾಮಾಣಿಕನಿಗೆ ದಿವಾಳಿ, ಉಳಿದವರಿಗೆ ಲೆಕ್ಕಪತ್ರದ ಕಸರತ್ತು.

ಕಸರತ್ತುಗಳು ಗೊತ್ತಿರುವಂಥವೇ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವಾದ್ದರಿಂದ ವ್ಯಾಪಾರದ ಲಾಭ ತೆಂಗಿನ ತೋಟದಲ್ಲಿ ಫಲ ಕೊಡುತ್ತಿತ್ತು. ಹಿಂದೂ ಅವಿಭಕ್ತ ಕುಟುಂಬವನ್ನು ತೆರಿಗೆ ಕಾಯ್ದೆ ಬೇರೆಯೇ ವ್ಯಕ್ತಿ ಎಂದು ನೋಡುವುದರಿಂದ ಒಂದೇ ಮನೆಯ ಆದಾಯ ಎರಡು ಮೂರು ಕಡೆ ಹಂಚಿಹೋಗುತ್ತಿತ್ತು. ಕಂಪನಿಗಳು ದೊಡ್ಡ ಅಧಿಕಾರಿಗಳಿಗೆ ಸಂಬಳ ಏರಿಸುವ ಬದಲು ಮನೆ, ಕಾರು, ಕ್ಲಬ್ಬಿನ ಸದಸ್ಯತ್ವ ಕೊಡುತ್ತಿದ್ದವು. ಸೈಟು ಕೊಳ್ಳುವಾಗ ಕ್ರಯಪತ್ರದಲ್ಲಿ ಒಂದು ಬೆಲೆ, ಚೀಲದಲ್ಲಿ ಇನ್ನೊಂದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ‘ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು’ ಎಂಬ ಮಾತು ಬೆಳೆದದ್ದು ಇಂಥ ನೆಲದಲ್ಲೇ.

ಹೆಚ್ಚು ತೆರಿಗೆ ಬೇಕೆಂದವರ ವಾದವನ್ನೂ ನ್ಯಾಯವಾಗಿ ಇಡಬೇಕು. ಬಡವನ ಬೀಡಿ, ಬೆಂಕಿಪೊಟ್ಟಣ, ಬಟ್ಟೆಯ ಮೇಲೂ ತೆರಿಗೆ ಬೀಳುತ್ತಿತ್ತು. ರಾಮಮನೋಹರ ಲೋಹಿಯಾ 1963ರಲ್ಲಿ ಲೋಕಸಭೆಯಲ್ಲಿ ದೇಶದ ಬಹುಪಾಲು ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದಾಗ ಸರ್ಕಾರ ಹದಿನೈದಾಣೆ ಎಂದು ಉತ್ತರಿಸಿತು. ಹದಿನೈದಾಣೆ ಎಂದೇ ಒಪ್ಪಿಕೊಂಡರೂ ಅಂಥ ದೇಶದಲ್ಲಿ ಎರಡು ಲಕ್ಷದ ಮೇಲಿನ ಆದಾಯಕ್ಕೆ ಕನಿಕರ ಹುಟ್ಟುವುದು ಕಷ್ಟ. ಮೇಲಿನ ದರ ಹಣಕ್ಕಿಂತ ಹೆಚ್ಚಾಗಿ ಮಾತಿಗೆ ಬೇಕಾಗಿತ್ತು: ಸಮಾನತೆ ತರುತ್ತೇವೆ ಎಂಬ ಮಾತಿಗೆ.

ಆ ಮಾತಿನ ಬೆಲೆಯನ್ನು ಸರ್ಕಾರದ ಸ್ವಂತ ಸಮಿತಿಯೇ ಲೆಕ್ಕ ಹಾಕಿತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಎನ್. ವಾಂಛೂ ಅವರ ಸಮಿತಿ 1971ರ ಡಿಸೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ತೆರಿಗೆ ಕಳ್ಳತನದ ಕಾರಣಗಳ ಪಟ್ಟಿಗೆ ಮೊದಲು ಬಂದದ್ದೇ ವಿಪರೀತ ದರ. ಸರ್‌ಚಾರ್ಜ್ ಸೇರಿ ಶೇ 75 ಮೀರಬಾರದು ಎಂದರು. 1974ರಲ್ಲಿ ದರ 77ಕ್ಕೆ ಇಳಿಯಿತು, ಎರಡು ವರ್ಷಕ್ಕೆ 66ಕ್ಕೆ. ಅಂದರೆ ಇಳಿಕೆ ಶುರುಮಾಡಿದ್ದು ಏರಿಸಿದ ಸರ್ಕಾರವೇ, ಅದರಲ್ಲಿ ಒಂದು ಕಂತು ತುರ್ತು ಪರಿಸ್ಥಿತಿಯ ನಡುವೆ. 1985ರಲ್ಲಿ ಶೇ 50, ಎಸ್ಟೇಟ್ ಡ್ಯೂಟಿ ರದ್ದು. 1998ರಲ್ಲಿ ದಾನ ತೆರಿಗೆ, 2015ರ ಬಜೆಟ್ಟಿನಲ್ಲಿ ಸಂಪತ್ತು ತೆರಿಗೆ ಹೋದವು. ಈಗ ಹೊಸ ಪದ್ಧತಿಯಲ್ಲಿ ತುದಿಯ ದರ ಶೇ 30, ಅದರ ಮೇಲೆ ಗರಿಷ್ಠ ಶೇ 25 ಸರ್‌ಚಾರ್ಜ್, ಅದೆಲ್ಲದರ ಮೇಲೆ ಶೇ 4 ಸೆಸ್. ಸೇರಿದರೆ ಶೇ 39. ಕಾಲ್ಡರ್ ಹೇಳಿದ್ದಕ್ಕಿಂತ ಕಡಿಮೆ ದರ, ಆದರೆ ಅವರ ಐದೆಳೆಯ ಬಲೆಯಲ್ಲಿ ಈಗ ಉಳಿದಿರುವುದು ಎರಡು ಎಳೆ.

ಯಾರ ಸ್ವಾತಂತ್ರ್ಯ?

ಲೈಸೆನ್ಸಿನ ವಿಷಯದಲ್ಲಿ ಸ್ವತಂತ್ರ ಪಕ್ಷದ ರೋಗನಿರ್ಣಯ ಸರಿಯಾಗಿತ್ತು ಎಂದು 1991ರ ಜುಲೈ 24ರ ಕೈಗಾರಿಕಾ ನೀತಿಯೇ ಒಪ್ಪಿಕೊಂಡಿತು. ಆ ದಿನ 18 ಕೈಗಾರಿಕೆಗಳನ್ನು ಬಿಟ್ಟು ಉಳಿದವಕ್ಕೆ ಲೈಸೆನ್ಸ್ ಬೇಡವೆಂದಾಯಿತು. ಭೂಮಿಯ ವಿಷಯದಲ್ಲಿ ಪಕ್ಷ ಎಡವಿತು. ಜೈಪುರದ ಮಹಾರಾಣಿ, ರಾಮಗಢದ ರಾಜ, ಒಡಿಶಾದ ಅರಸರು ಮುಂದೆ ನಿಂತ ಪಕ್ಷ ‘ಆಸ್ತಿಯ ಹಕ್ಕು’ ಎಂದಾಗ ಗೇಣಿದಾರನ ಕಿವಿಗೆ ಬಿದ್ದದ್ದು ಧಣಿಯ ದನಿ.

ಕರ್ನಾಟಕದಲ್ಲಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂ ಸುಧಾರಣೆ ತಿದ್ದುಪಡಿಯನ್ನು ನೋಡಿ. ಅಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು. ಕೊನೆಯ ಗಡುವು 1979ರ ಜೂನ್ 30ರವರೆಗೆ ಬೆಳೆಯಿತು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ, ಏಕೆಂದರೆ ವಕೀಲನನ್ನು ಇಟ್ಟುಕೊಳ್ಳುವ ಶಕ್ತಿ ಒಂದೇ ಕಡೆಗಿತ್ತು. ಕರಾವಳಿಯ ಚಾಲಗೇಣಿ ಒಕ್ಕಲಿಗೆ ಧಣಿ ಬಿಡು ಎಂದರೆ ಬಿಡಬೇಕಾದ ಬಾಳು. ಅವನ ಪಾಲಿಗೆ ಈ ಸರ್ಕಾರಿ ಹಸ್ತಕ್ಷೇಪವೇ ಆರ್ಥಿಕ ಸ್ವಾತಂತ್ರ್ಯ. ಗೇಣಿಯನ್ನೇ ನಂಬಿದ್ದ ವಿಧವೆಯರು, ಸಣ್ಣ ದೇವಸ್ಥಾನಗಳ ಅರ್ಚಕರು ಒಂದೇ ದಿನದಲ್ಲಿ ಬರಿಗೈಯಾದದ್ದೂ ಅಷ್ಟೇ ನಿಜ.

ಅದೇ ಕಾಯ್ದೆಯ 79ಎ, 79ಬಿ ಕಲಮುಗಳು ಕೃಷಿಕರಲ್ಲದವರು, ಮಿತಿಗಿಂತ ಹೆಚ್ಚು ಬೇರೆ ಆದಾಯವಿದ್ದವರು ಕೃಷಿ ಜಮೀನು ಕೊಳ್ಳುವುದನ್ನು ತಡೆದಿದ್ದವು. 2020ರಲ್ಲಿ ಅವನ್ನು ಕಿತ್ತುಹಾಕಿದಾಗ ಹಳೆಯ ಜಗಳ ಹೊಸ ಬಾಯಲ್ಲಿ ಶುರುವಾಯಿತು. ರೈತ ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯ ಎಂದು ಒಬ್ಬರು. ಬೆಂಗಳೂರಿನ ದುಡ್ಡಿನ ಎದುರು ಊರಿನ ರೈತ ಪಕ್ಕದ ಹೊಲ ಕೊಳ್ಳುವ ಸ್ವಾತಂತ್ರ್ಯ ಹೋಯಿತು ಎಂದು ಇನ್ನೊಬ್ಬರು. ಇಬ್ಬರ ಬಾಯಲ್ಲೂ ಇರುವುದು ಒಂದೇ ಪದ. ಆಸ್ತಿ ಹಕ್ಕಿನ ದೊಡ್ಡ ಮೊಕದ್ದಮೆಗೆ ತಮ್ಮ ಹೆಸರು ಕೊಟ್ಟವರೂ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು. ಕೇರಳದ ಭೂ ಸುಧಾರಣೆಯ ವಿರುದ್ಧ ಹೊರಟ ಅರ್ಜಿ 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ತೀರ್ಪಿನಲ್ಲಿ ಸಂಸತ್ತು ಕೈಹಾಕಲಾಗದ ಸಂವಿಧಾನದ ಮೂಲ ರಚನೆಯನ್ನು ಉಳಿಸಿತು. ಆಸ್ತಿಯ ಮೂಲಭೂತ ಹಕ್ಕು ಮಾತ್ರ 1978ರ ತಿದ್ದುಪಡಿಯಲ್ಲಿ ಹೋಯಿತು.

ವಿರೋಧಿಯ ಜೇಬಿಗೆ ಕೈ

ನೆಹರೂ ಕಾಲದ ಸಹನೆಯನ್ನು ಕಡಿಮೆ ಮಾಡಿ ಹೇಳುವಂತಿಲ್ಲ. 1963ರ ಆಗಸ್ಟಿನಲ್ಲಿ ಆಚಾರ್ಯ ಕೃಪಲಾನಿ ಮಂಡಿಸಿದ ಅವಿಶ್ವಾಸ ಸೂಚನೆಗೆ ಸಿಕ್ಕಿದ್ದು 62 ಮತ, ವಿರುದ್ಧ 347. ಅಷ್ಟು ಬಹುಮತವಿದ್ದವರು ದಿನಗಟ್ಟಲೆ ಕೂತು ಲೋಹಿಯಾ, ಮಸಾನಿಯಂಥವರ ಮಾತು ಕೇಳಿ ಉತ್ತರ ಕೊಟ್ಟರು. ಆರ್ಥಿಕ ನಿಯಂತ್ರಣ ಇದ್ದಲ್ಲೆಲ್ಲ ರಾಜಕೀಯ ಸ್ವಾತಂತ್ರ್ಯ ಸಾಯುತ್ತದೆ ಎಂಬ ಸರಳ ಸೂತ್ರಕ್ಕೆ ಇದು ಅಡ್ಡ ಬರುತ್ತದೆ. ಮಾರುಕಟ್ಟೆ ಬಿಟ್ಟು ಜನರನ್ನು ಕಟ್ಟಿಹಾಕಿದ ಸೇನಾ ಸರ್ವಾಧಿಕಾರಿ ಪಿನೊಚೆಯ ಚಿಲಿಯೂ ಅಡ್ಡ ಬರುತ್ತದೆ.

ಆದರೆ ಗಂಟು ಇದ್ದದ್ದು ಸದನದಲ್ಲಿ ಅಲ್ಲ, ಚಂದಾ ಪುಸ್ತಕದಲ್ಲಿ. ವಾರದಲ್ಲಿ ಮೂರು ದಿನ ದೆಹಲಿಯ ಸಚಿವಾಲಯದ ಕಾರಿಡಾರಿನಲ್ಲಿ ಕಾಯುವ ಉದ್ಯಮಿ ವಿರೋಧ ಪಕ್ಷಕ್ಕೆ ಚೆಕ್ ಬರೆಯುವ ಮೊದಲು ಹತ್ತು ಸಲ ಯೋಚಿಸುತ್ತಾನೆ. 1960ರ ಕಂಪನಿ ಕಾಯ್ದೆ ತಿದ್ದುಪಡಿ ಕಂಪನಿಗಳ ದೇಣಿಗೆಗೆ ಮಿತಿ ಹಾಕಿತ್ತು: 25,000 ರೂಪಾಯಿ ಅಥವಾ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 5, ಯಾವುದು ಹೆಚ್ಚೋ ಅದು, ಲೆಕ್ಕಪತ್ರದಲ್ಲಿ ತೋರಿಸಬೇಕು. ಬೆದರಿಕೆಯ ನಡುವೆಯೂ ಸ್ವಲ್ಪ ಹಣ ಸ್ವತಂತ್ರ ಪಕ್ಷಕ್ಕೆ ಬರುತ್ತಿತ್ತು. 1967ರ 44 ಸ್ಥಾನಗಳಾಗಿ ಎರಡು ವರ್ಷಕ್ಕೆ, 1969ರಲ್ಲಿ, ಕಂಪನಿ ದೇಣಿಗೆಯನ್ನೇ ನಿಷೇಧಿಸಿದರು. ಕಾರಣ ಕೊಟ್ಟದ್ದು ರಾಜಕೀಯದಲ್ಲಿ ದೊಡ್ಡ ದುಡ್ಡಿನ ಪ್ರಭಾವ ತಡೆಯುವುದು. ಪ್ರಭಾವ ನಿಲ್ಲಲಿಲ್ಲ, ರಸೀದಿ ನಿಂತಿತು. ರಸೀದಿ ಇಲ್ಲದ ದುಡ್ಡು ಹೋಗುವುದು ಲೈಸೆನ್ಸ್ ಕೊಡುವವನ ಕಡೆಗೆ. ನಿಷೇಧ 1985ರವರೆಗೆ ಇತ್ತು. 2017ರಲ್ಲಿ ಮಿತಿಯನ್ನೇ ತೆಗೆದು ಚುನಾವಣಾ ಬಾಂಡು ತಂದಾಗಲೂ ಪ್ರಶ್ನೆ ಇದೇ: ಕೊಟ್ಟವರ ಹೆಸರು ಜನರಿಗೆ ಗೊತ್ತಾಗದು, ಸರ್ಕಾರಿ ಬ್ಯಾಂಕಿಗೆ ಗೊತ್ತಿರುತ್ತದೆ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಬಾಂಡನ್ನೂ, ಮಿತಿ ತೆಗೆದದ್ದನ್ನೂ ರದ್ದು ಮಾಡಿತು.

1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ, ಉಡುಪಿಯಲ್ಲಿ ಹುಟ್ಟಿ ಪಿಗ್ಮಿ ಠೇವಣಿಯಲ್ಲಿ ಮನೆಮನೆಯ ಚಿಲ್ಲರೆ ಕೂಡಿಸಿ ಬೆಳೆದ ಸಿಂಡಿಕೇಟ್ ಅದರಲ್ಲಿ ಸೇರಿದ್ದವು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಸ್ವತಂತ್ರ ಪಕ್ಷದವರೇ ಆದ ಲೆಕ್ಕಪರಿಶೋಧಕ ಆರ್.ಸಿ. ಕೂಪರ್. 1970ರ ಫೆಬ್ರುವರಿ 10ರಂದು ಗೆದ್ದರು. ನಾಲ್ಕು ದಿನಕ್ಕೆ ಹೊಸ ಸುಗ್ರೀವಾಜ್ಞೆ ಬಂತು, ಬ್ಯಾಂಕುಗಳು ಸರ್ಕಾರದಲ್ಲೇ ಉಳಿದವು. ಮುಂದೆ ಸಾಲಕ್ಕೂ ಅದೇ ಬಾಗಿಲು.

1975ರಲ್ಲಿ ಗಂಟು ಬಿಗಿಯಿತು. ಫೆಬ್ರುವರಿಯಲ್ಲಿ ಜೈಪುರದ ಅರಮನೆಗಳ ಮೇಲೆ ಆದಾಯ ತೆರಿಗೆ ದಾಳಿ. ತುರ್ತು ಪರಿಸ್ಥಿತಿ ಬಂದ ಮೇಲೆ, ಸ್ವತಂತ್ರ ಪಕ್ಷದಿಂದ ಗೆದ್ದಿದ್ದ ಸಂಸದೆ, ಜೈಪುರದ ಮಹಾರಾಣಿ ಗಾಯತ್ರಿ ದೇವಿ ಅವರನ್ನು ತಿಹಾರ್ ಜೈಲಿಗೆ ಹಾಕಿದರು. ಬಳಸಿದ ಕಾಯ್ದೆ ರಾಜಕೀಯದ್ದಲ್ಲ. ವಿದೇಶಿ ವಿನಿಮಯ ಮತ್ತು ಕಳ್ಳಸಾಗಣೆ ತಡೆಯ ಕೋಫೆಪೋಸಾ. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಸಮಾಜವಾದಿ ಮಧು ದಂಡವತೆ, ಜನಸಂಘದ ಅಡ್ವಾಣಿ, ವಾಜಪೇಯಿ ಒಟ್ಟಿಗಿದ್ದರು. ತೆರಿಗೆಯ ವಿಷಯದಲ್ಲಿ ಇವರೆಲ್ಲ ಒಂದೇ ಮಾತಿಗೆ ಬರುತ್ತಿರಲಿಲ್ಲ. ಮಸಾನಿ ತಮ್ಮ ಪತ್ರಿಕೆಯ ಲೇಖನಗಳಿಗೆ ಸೆನ್ಸಾರ್ ಕತ್ತರಿ ಬಿದ್ದಾಗ ಬಾಂಬೆ ಹೈಕೋರ್ಟಿಗೆ ಹೋಗಿ 1976ರಲ್ಲಿ ಗೆದ್ದರು. ಸರ್ಕಾರವನ್ನು ಒಪ್ಪದಿರುವುದೇ ದೇಶಕ್ಕೆ ಅಪಾಯವಾಗದು, ಪತ್ರಿಕೆಗಳೆಲ್ಲ ಒಂದೇ ದನಿಯಲ್ಲಿ ಹಾಡುವಂತೆ ಮಾಡುವುದು ಸೆನ್ಸಾರಿನ ಕೆಲಸವಲ್ಲ ಎಂಬುದು ತೀರ್ಪಿನ ತಿರುಳು.

ಅದೇ ವರ್ಷ 42ನೇ ತಿದ್ದುಪಡಿ ಸಂವಿಧಾನದ ಪೀಠಿಕೆಗೆ ‘ಸಮಾಜವಾದಿ’ ಪದ ಸೇರಿಸಿತು. 1989ರಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಗೆ 29ಎ ಕಲಮು ಬಂತು. ಇವತ್ತು ಹೊಸ ಪಕ್ಷ ಕಟ್ಟುವವರು ಸ್ಥಾಪನೆಯಾಗಿ 30 ದಿನದೊಳಗೆ ಚುನಾವಣಾ ಆಯೋಗಕ್ಕೆ ಅರ್ಜಿ ಕೊಡಬೇಕು. 10,000 ರೂಪಾಯಿ ಶುಲ್ಕ, ಮತದಾರರಾದ ಕನಿಷ್ಠ ನೂರು ಸದಸ್ಯರ ಪ್ರಮಾಣಪತ್ರ, ಪಕ್ಷದ ನಿಯಮಾವಳಿ. ಆ ನಿಯಮಾವಳಿಯಲ್ಲಿ ಸಂವಿಧಾನಕ್ಕೂ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೂ ನಿಷ್ಠರಾಗಿರುತ್ತೇವೆ ಎಂಬ ಸಾಲು ಇರಲೇಬೇಕು. ಇಲ್ಲದಿದ್ದರೆ ನೋಂದಣಿ ಇಲ್ಲ.

ಸ್ವತಂತ್ರ ಪಕ್ಷದ ಹಳೆಯ ಕಾರ್ಯಕರ್ತ ಎಸ್.ವಿ. ರಾಜು ಆ ಪಕ್ಷವನ್ನು ಮತ್ತೆ ಕಟ್ಟಲು ಹೊರಟಾಗ ಸಿಕ್ಕಿಬಿದ್ದದ್ದು ಈ ಸಾಲಿನಲ್ಲಿ. ಸಮಾಜವಾದವನ್ನು ವಿರೋಧಿಸಲೆಂದೇ ಹುಟ್ಟಿದ ಪಕ್ಷ ಅದಕ್ಕೆ ನಿಷ್ಠೆ ಬರೆದುಕೊಟ್ಟು ಶುರುವಾಗಬೇಕೇ ಎಂದು 1990ರ ದಶಕದಲ್ಲಿ ಬಾಂಬೆ ಹೈಕೋರ್ಟಿಗೆ ಹೋದರು. ರೈತ ನಾಯಕ ಶರದ್ ಜೋಶಿ ಆ ಪದ ತೆಗೆಯಲು 2005ರಲ್ಲಿ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದರು. 2024ರ ನವೆಂಬರ್ 25ರಂದು ಸುಪ್ರೀಂ ಕೋರ್ಟ್ ಪೀಠಿಕೆಯ ಪದವನ್ನು ಪ್ರಶ್ನಿಸಿದ ಅರ್ಜಿಗಳನ್ನು ತಳ್ಳಿಹಾಕುತ್ತ, ಭಾರತದಲ್ಲಿ ಸಮಾಜವಾದ ಎಂದರೆ ಕಲ್ಯಾಣ ರಾಜ್ಯ, ಅದು ಖಾಸಗಿ ಉದ್ಯಮಕ್ಕೆ ಅಡ್ಡಿಯಲ್ಲ ಎಂದಿತು. ಪದದ ಅರ್ಥ ಇಷ್ಟು ಸಡಿಲವಾದ ಮೇಲೆ ಬರೆದುಕೊಡಲು ಯಾರಿಗೂ ಕಷ್ಟವಾಗುತ್ತಿಲ್ಲ. ಮುಕ್ತ ಮಾರುಕಟ್ಟೆ ಬೇಕೆನ್ನುವ ಪಕ್ಷಗಳೂ ಆ ಸಾಲು ಸೇರಿಸಿ, ನೂರು ಪ್ರಮಾಣಪತ್ರ ಜೋಡಿಸಿ, ಶುಲ್ಕ ಕಟ್ಟಿ ನೋಂದಣಿ ಮಾಡಿಸಿಕೊಳ್ಳುತ್ತಿವೆ.